ಕೋಡ್ ತುಂಬಾ ಚೆಲ್ಲಿದ ಸ್ಟ್ರಿಂಗ್‌ಗಳನ್ನು ಒಂದೆಡೆ ತರುವುದು ಹೇಗೆ?

ಬಸ್ ಟಿಕೆಟ್ ಬುಕ್ ಮಾಡುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಪ್ರಯಾಣಿಕರು ಟಿಕೆಟ್ ರದ್ದು ಮಾಡಿದರೆ ಡೇಟಾಬೇಸ್‌ನಲ್ಲಿ ಆ ಬುಕಿಂಗ್‌ನ ಸ್ಟೇಟಸ್ "ಕ್ಯಾನ್ಸಲ್ಡ್" ಅಂತ ಬದಲಾಗುತ್ತದೆ. ಕೋಡ್‌ನಲ್ಲಿ ಹೀಗೆ ಕೋಟ್ ಒಳಗೆ ಬರೆಯುವ ಪಠ್ಯಕ್ಕೇ ಸ್ಟ್ರಿಂಗ್ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಈ ಪದಕ್ಕೆ ಬ್ರಿಟಿಷರು ಎರಡು 'ಎಲ್' ಹಾಕುತ್ತಾರೆ, ಅಮೆರಿಕನ್ನರು ಒಂದೇ. ಬುಕಿಂಗ್ ಭಾಗ ಬರೆದವರು ಎರಡು ಹಾಕಿದ್ದಾರೆ. ಆಮೇಲೆ ಯಾವಾಗಲೋ ರೀಫಂಡ್ ರಿಪೋರ್ಟ್ ಬರೆದವರು ಒಂದು ಹಾಕಿದ್ದಾರೆ.

ಇದರಿಂದ ಎರರ್ ಬರುವುದಿಲ್ಲ, ಪ್ರೋಗ್ರಾಮ್ ಬೀಳುವುದೂ ಇಲ್ಲ. ರಿಪೋರ್ಟ್ ಓಡುತ್ತದೆ, ಸೊನ್ನೆ ಸಾಲು ತೋರಿಸುತ್ತದೆ. ಇವತ್ತು ಯಾರೂ ಟಿಕೆಟ್ ರದ್ದು ಮಾಡಿಲ್ಲ ಅಂತ ಅಕೌಂಟ್ಸ್‌ನವರು ಖುಷಿಯಾಗಿ ಮನೆಗೆ ಹೋಗುತ್ತಾರೆ. ಪ್ರಯಾಣಿಕರೊಬ್ಬರು ಫೋನ್ ಮಾಡಿ ಬೈಯುವವರೆಗೂ ವಿಷಯ ಹೊರಗೆ ಬರುವುದಿಲ್ಲ.

ಸ್ಟ್ರಿಂಗ್‌ಗಳನ್ನು ಕೋಡ್‌ನಲ್ಲಿ ಎಲ್ಲೆಂದರಲ್ಲಿ ನೇರವಾಗಿ ಬರೆದರೆ ಆಗುವ ತೊಂದರೆ ಇದು. ತಪ್ಪಾಗಿ ಬರೆದ ಸ್ಟ್ರಿಂಗ್ ಕೂಡ ಭಾಷೆಯ ಲೆಕ್ಕದಲ್ಲಿ ಸರಿಯಾದ ಸ್ಟ್ರಿಂಗೇ. ಹೋಲಿಸಿದರೆ ಸುಮ್ನೆ "ಅಲ್ಲ" ಅನ್ನುತ್ತದೆ. ಅದೇ ಪದವನ್ನು ಒಂದು ಕಾನ್‌ಸ್ಟಂಟ್ (ಬದಲಾಗದ ಬೆಲೆಗೆ, ಅಂದರೆ ವ್ಯಾಲ್ಯೂಗೆ, ಇಟ್ಟ ಹೆಸರು) ಮಾಡಿ, ಎಲ್ಲ ಕಡೆ ಆ ಹೆಸರನ್ನೇ ಬಳಸಿದರೆ, ಹೆಸರು ತಪ್ಪಿದ ಕೂಡಲೇ ಕಂಪೈಲರ್ ಹಿಡಿಯುತ್ತದೆ. ಪೈಥಾನ್‌ನಂಥ ಭಾಷೆಯಲ್ಲಿ ಕೊನೇಪಕ್ಷ ಆ ಸಾಲು ಓಡುವಾಗ ಎರರ್ ಬರುತ್ತದೆ. ಟೈಪ್ ಮಾಡುವ ಶ್ರಮ ಉಳಿಯುತ್ತದೆ ಅನ್ನೋದು ದೊಡ್ಡ ಲಾಭವೇನಲ್ಲ. ಬಾಯಿ ಮುಚ್ಚಿಕೊಂಡಿದ್ದ ತಪ್ಪು ಬಾಯಿ ಬಿಡುತ್ತದಲ್ಲ, ಅದು ದೊಡ್ಡದು.

ಹಾಗಂತ ಎಡಿಟರ್ ತೆರೆದು, ಎಲ್ಲವನ್ನೂ ಒಂದೇ ಏಟಿಗೆ ಹುಡುಕಿ ಬದಲಾಯಿಸಲು ಹೋಗಬೇಡಿ. ಈ ಕೆಲಸದಲ್ಲಿ ಬದಲಾಯಿಸುವುದು ಸುಲಭದ ಭಾಗ. ಯಾವುದನ್ನು ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು ಅಂತ ವಿಂಗಡಿಸುವುದರಲ್ಲೇ ಮುಕ್ಕಾಲು ಪಾಲು ಸಮಯ ಹೋಗಬೇಕು. ಇದೇ ಬಸ್ ಆ್ಯಪನ್ನು ಇಟ್ಟುಕೊಂಡು ಒಂದೊಂದೇ ಹೆಜ್ಜೆ ನೋಡೋಣ. ಕೋಡ್‌ನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ನಿಮ್ಮ ಪ್ರಾಜೆಕ್ಟ್‌ನಲ್ಲಿ ಇರುವ ರೂಪಕ್ಕೆ ಹೊಂದಿಸಿಕೊಳ್ಳಿ.

ಹೆಜ್ಜೆ 1: ಮೊದಲು ಪಟ್ಟಿ, ಆಮೇಲೆ ಕೈ

ಒಂದು ಪದ ಆರಿಸಿಕೊಳ್ಳಿ. "ಕ್ಯಾನ್ಸಲ್ಡ್" ಅಂತಲೇ ಇರಲಿ. ಗಿಟ್ ಗ್ರೆಪ್ ಅಥವಾ ರಿಪ್‌ಗ್ರೆಪ್ ಅನ್ನೋ ಹುಡುಕುವ ಉಪಕರಣದಿಂದ ಇಡೀ ರೆಪೊದಲ್ಲಿ (ಪ್ರಾಜೆಕ್ಟ್‌ನ ಕೋಡ್ ಮತ್ತು ಅದರ ಇತಿಹಾಸ ಇರುವ ಜಾಗ) ಹುಡುಕಿ, ಸಾಲಿನ ನಂಬರ್ ಸಮೇತ ಫಲಿತಾಂಶವನ್ನು ಒಂದು ಫೈಲ್‌ಗೆ ಹಾಕಿಕೊಳ್ಳಿ. ಸಿಂಗಲ್ ಕೋಟ್, ಡಬಲ್ ಕೋಟ್ ಎರಡನ್ನೂ ನೋಡಿ. ದೊಡ್ಡಕ್ಷರ, ಸಣ್ಣಕ್ಷರ ಭೇದ ಬಿಟ್ಟು ಹುಡುಕಿ. ತಪ್ಪು ಸ್ಪೆಲ್ಲಿಂಗ್‌ಗಳನ್ನೂ ಊಹಿಸಿ ಹುಡುಕಿ. ಒಂದು 'ಎಲ್' ಇರುವ ರೂಪ ಸಿಕ್ಕರೆ ಅಲ್ಲೇ ಒಂದು ಬಗ್ ಸಿಕ್ಕಂತೆ.

ಕೋಡ್ ಫೈಲ್‌ಗಳಲ್ಲಷ್ಟೇ ಹುಡುಕಿ ನಿಲ್ಲಿಸಿದರೆ ಅರ್ಧ ಪಟ್ಟಿ ಮಾತ್ರ ಸಿಗುತ್ತದೆ. ಎಚ್‌ಟಿಎಂಎಲ್ ಟೆಂಪ್ಲೇಟ್‌ಗಳು, ಎಸ್‌ಕ್ಯೂಎಲ್ ಫೈಲ್‌ಗಳು, ಯಾಮಲ್ ಕಾನ್ಫಿಗ್, ಮೈಗ್ರೇಶನ್‌ಗಳು (ಡೇಟಾಬೇಸ್‌ನ ರಚನೆ ಬದಲಾಯಿಸುವ ಫೈಲ್‌ಗಳು), ಟೆಸ್ಟ್ ಡೇಟಾ, ಎಲ್ಲದರಲ್ಲೂ ಆ ಪದ ಕೂತಿರುತ್ತದೆ. ರೆಪೊದ ಹೊರಗೂ ಇರುತ್ತದೆ. ಡೇಟಾಬೇಸ್‌ನ ವ್ಯೂ ಮತ್ತು ಸ್ಟೋರ್ಡ್ ಪ್ರೊಸೀಜರ್, ಗ್ರಾಫಾನಾದಂಥ ಡ್ಯಾಶ್‌ಬೋರ್ಡ್‌ನ ಕ್ವೆರಿ, ಲಾಗ್‌ನಲ್ಲಿ ಈ ಪದ ಕಂಡರೆ ಫೋನ್‌ಗೆ ಅಲರ್ಟ್ ಕಳಿಸುವ ನಿಯಮ, ಇವು ಗ್ರೆಪ್‌ಗೆ ಸಿಗುವುದಿಲ್ಲ. ಅಕ್ಕಪಕ್ಕದ ಟೀಮ್‌ನವರನ್ನು ಕೇಳಿಯೇ ತಿಳಿಯಬೇಕು.

ಇನ್ನೊಂದು ಕಣ್ಣಾಮುಚ್ಚಾಲೆ ಇದೆ. ಕೆಲವರು ಸ್ಟ್ರಿಂಗ್ ಅನ್ನು ತುಂಡು ತುಂಡಾಗಿ ಜೋಡಿಸಿರುತ್ತಾರೆ: "ಬುಕಿಂಗ್_" + ಕ್ರಿಯೆ ಅನ್ನೋ ಥರ. ಇಲ್ಲಿ "ಬುಕಿಂಗ್_ಕ್ಯಾನ್ಸಲ್ಡ್" ಅಂತ ಪೂರ್ತಿ ಹುಡುಕಿದರೆ ಏನೂ ಸಿಗುವುದಿಲ್ಲ. ಅದಕ್ಕೆ ತುಂಡುಗಳನ್ನೂ ಬೇರೆ ಬೇರೆಯಾಗಿ ಹುಡುಕಬೇಕು. ಯಾವ ಸಾಲು ಯಾಕೆ ಬಂತು ಅಂತ ಅನುಮಾನ ಬಂದರೆ ಗಿಟ್ ಲಾಗ್‌ಗೆ ಮೈನಸ್ ದೊಡ್ಡ 'ಎಸ್' ಆಯ್ಕೆ ಕೊಟ್ಟು ಆ ಪದ ಹಾಕಿ. ಅದು ಯಾವ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆ) ಹುಟ್ಟಿತು, ಯಾವುದರಲ್ಲಿ ಹೋಯಿತು ಅಂತ ತೋರಿಸುತ್ತದೆ.

ಹೆಜ್ಜೆ 2: ವಿಂಗಡಣೆ

ಪಟ್ಟಿಯ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: ನಾಳೆ ಈ ಪದ ಬದಲಾಗಬೇಕು ಅಂದರೆ ಅದನ್ನು ನಿರ್ಧರಿಸುವವರು ಯಾರು?

ನಿಮ್ಮ ಟೀಮ್‌ನವರೇ ಆದರೆ, ಅದು ಒಳಗಿನ ಗುರುತು. ಬುಕಿಂಗ್ ಸ್ಟೇಟಸ್, ಬಳಕೆದಾರರ ಪಾತ್ರ, ಕ್ಯಾಶ್ ಕೀ (ಬೇಗ ಸಿಗಲೆಂದು ಪಕ್ಕಕ್ಕಿಟ್ಟ ಡೇಟಾದ ಹೆಸರು), ಇಂಥವು. ಕಾನ್‌ಸ್ಟಂಟ್ ಮಾಡಲು ಹೇಳಿ ಮಾಡಿಸಿದಂಥವು ಇವೇ.

ಹೊರಗಿನವರೂ ಒಪ್ಪಬೇಕು ಅನ್ನುವಂಥದ್ದಾದರೆ ಅದು ಒಪ್ಪಂದದ ಸ್ಟ್ರಿಂಗ್. ಎಪಿಐನ (ಬೇರೆ ಪ್ರೋಗ್ರಾಮ್‌ಗಳು ನಿಮ್ಮದರ ಜೊತೆ ಮಾತಾಡುವ ದಾರಿ) ಫೀಲ್ಡ್ ಹೆಸರು, ಎಚ್‌ಟಿಟಿಪಿ ಹೆಡರ್, ಕಾಫ್ಕಾ (ಸರ್ವಿಸ್‌ಗಳ ನಡುವೆ ಮೆಸೇಜ್ ಸಾಗಿಸುವ ವ್ಯವಸ್ಥೆ) ಟಾಪಿಕ್, ಪೇಮೆಂಟ್ ಗೇಟ್‌ವೇ ಕಳಿಸುವ ಸ್ಟೇಟಸ್. ಇವನ್ನೂ ಕಾನ್‌ಸ್ಟಂಟ್ ಮಾಡಿ, ಆದರೆ ಒಳಗಿನ ಗುರುತುಗಳ ಜೊತೆ ಬೆರೆಸಬೇಡಿ. ಗೇಟ್‌ವೇ ಕಳಿಸುವ "ಫೇಲ್ಡ್" ಬೇರೆ, ನಿಮ್ಮ ಬುಕಿಂಗ್‌ನ "ಫೇಲ್ಡ್" ಬೇರೆ. ಇವತ್ತು ಅಕ್ಷರ ಒಂದೇ ಇದೆ, ಅಷ್ಟೇ. ಗೇಟ್‌ವೇಯವರು ಮುಂದಿನ ಆವೃತ್ತಿಯಲ್ಲಿ ಪದ ಬದಲಾಯಿಸಿದರೆ, ಒಂದೇ ಕಾನ್‌ಸ್ಟಂಟ್ ಮಾಡಿಟ್ಟವರ ಕಥೆ ಏನಾಗುತ್ತದೆ ಯೋಚಿಸಿ. ಅತ್ತ ಸರಿ ಮಾಡಿದರೆ ಇತ್ತ ಕೆಡುತ್ತದೆ.

ಅಕ್ಷರ ಒಂದೇ ಆದರೆ ಸಾಲದು, ಅರ್ಥವೂ ಒಂದೇ ಇರಬೇಕು. "ಓಪನ್" ಅನ್ನೋ ಪದ ಸೀಟು ಖಾಲಿ ಇದೆ ಅನ್ನಲೂ ಬಂದಿರಬಹುದು, ದೂರು ಇನ್ನೂ ಬಗೆಹರಿದಿಲ್ಲ ಅನ್ನಲೂ ಬಂದಿರಬಹುದು. ಎರಡಕ್ಕೂ ಬೇರೆ ಬೇರೆ ಕಾನ್‌ಸ್ಟಂಟ್ ಬೇಕು. ಡುಪ್ಲಿಕೇಟ್ ಆಯಿತಲ್ಲ ಅಂತ ರಿವ್ಯೂನಲ್ಲಿ ಯಾರಾದರೂ ಕೇಳಿದರೆ ಧೈರ್ಯವಾಗಿ ವಾದಿಸಿ.

ಬಳಕೆದಾರರ ಕಣ್ಣಿಗೆ ಬೀಳುವ ಮಾತುಗಳದ್ದು ಬೇರೆಯೇ ಗುಂಪು. "ನಿಮ್ಮ ಟಿಕೆಟ್ ರದ್ದಾಗಿದೆ" ಅನ್ನೋದು ಕಾನ್‌ಸ್ಟಂಟ್ ಫೈಲ್‌ಗೆ ಹೋಗಬಾರದು, ಅನುವಾದದ ಫೈಲ್‌ಗೆ ಹೋಗಬೇಕು. ಆಂಡ್ರಾಯ್ಡ್ ಆದರೆ ಸ್ಟ್ರಿಂಗ್ಸ್ ಎಕ್ಸ್‌ಎಂಎಲ್, ಪೈಥಾನ್ ಆದರೆ ಗೆಟ್‌ಟೆಕ್ಸ್ಟ್. ಈ ಗುಂಪಿನಲ್ಲಿ ಕನ್ನಡಕ್ಕೆ ಆಗುವ ಅನ್ಯಾಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಯೋಚಿಸಿ ಬರೆದ ಕೋಡ್ ವಾಕ್ಯವನ್ನು ಹೀಗೆ ಜೋಡಿಸುತ್ತದೆ: ಮೊದಲು "ಇಂದ" ಅನ್ನುವ ಅರ್ಥದ ಪದ, ಆಮೇಲೆ ಊರಿನ ಹೆಸರು. ಎರಡೂ ಬಿಡಿ ಬಿಡಿ. ಕನ್ನಡದಲ್ಲಿ ಹಾಗಾಗುತ್ತದಾ? ಮೈಸೂರಿನಿಂದ, ಬೆಳಗಾವಿಯಿಂದ, ಶಿವಮೊಗ್ಗದಿಂದ. ಊರು ಬದಲಾದರೆ ನಡುವೆ ಬರುವ ಅಕ್ಷರವೂ ಬದಲಾಗುತ್ತದೆ. "ಇಂದ" ಅನ್ನೋದನ್ನು ಕಾನ್‌ಸ್ಟಂಟ್ ಮಾಡಿ ಊರಿನ ಮುಂದೆ ಅಂಟಿಸಿದರೆ "ಶಿವಮೊಗ್ಗಇಂದ" ಅಂತ ಸ್ಕ್ರೀನ್ ಮೇಲೆ ಬರುತ್ತದೆ. ಇಂಥ ಆ್ಯಪ್‌ಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಇದಕ್ಕೆ ಮದ್ದು ಸರಳ. ವಾಕ್ಯವನ್ನು ತುಂಡು ಮಾಡಬೇಡಿ, ಇಡಿಯಾಗಿ ಅನುವಾದಕರ ಕೈಗೆ ಕೊಡಿ. ಊರಿನ ಹೆಸರಿಗೆ ಪ್ರತ್ಯಯ ಬೇಡದ ಹಾಗೆ "ಹೊರಡುವ ಊರು: ಶಿವಮೊಗ್ಗ" ಅಂತ ರೂಪ ಮಾಡಿಕೊಳ್ಳಿ.

ಬಹುವಚನಕ್ಕೂ ಇದೇ ಮಾತು. "ಸೀಟು" ಒಂದು ಕಾನ್‌ಸ್ಟಂಟ್, "ಗಳು" ಇನ್ನೊಂದು ಅಂತ ಇಟ್ಟು, ಸಂಖ್ಯೆ 1 ಅಲ್ಲದಿದ್ದರೆ ಅಂಟಿಸುವುದು ತಪ್ಪು ದಾರಿ. ಯೂನಿಕೋಡ್‌ನವರ ಭಾಷಾ ನಿಯಮಗಳ ಸಂಗ್ರಹವಾದ ಸಿಎಲ್‌ಡಿಆರ್‌ನಲ್ಲಿ ಕನ್ನಡಕ್ಕೆ 0 ಕೂಡ 1ರ ಗುಂಪಿಗೇ ಸೇರುತ್ತದೆ, ಇಂಗ್ಲಿಷಿನಲ್ಲಿ 0 ಬಹುವಚನದ ಕಡೆಗೆ ಹೋಗುತ್ತದೆ. ಅನುವಾದದ ಲೈಬ್ರರಿಗಳಿಗೆ ಈ ನಿಯಮ ಗೊತ್ತಿದೆ. ನಿಮ್ಮ ಕಾನ್‌ಸ್ಟಂಟ್‌ಗೆ ಗೊತ್ತಿಲ್ಲ.

ಇನ್ನೊಂದು ಗುಂಪು, ಸರ್ಕಾರವೋ ಬ್ಯಾಂಕೋ ಮಾರುಕಟ್ಟೆಯೋ ಬದಲಾಯಿಸುವ ಹೆಸರುಗಳು. ಇವು ಡೇಟಾ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು, ಹುಬ್ಳಿ ಹುಬ್ಬಳ್ಳಿ ಆಯಿತು. ಕೋಡ್‌ನಲ್ಲಿ "ಗುಲ್ಬರ್ಗ" ಅಂತ ಹೋಲಿಸಿ ದರ ಲೆಕ್ಕ ಹಾಕುವ ಸಾಲು ಇದ್ದರೆ, ಊರಿನ ಹೆಸರು ಬದಲಾದ ದಿನ ಆ ಸಾಲು ಸುಮ್ಮನಾಗುತ್ತದೆ. ಇದನ್ನು ಕಾನ್‌ಸ್ಟಂಟ್ ಮಾಡಿದರೆ ಬದಲಾಯಿಸುವ ಜಾಗವೇನೋ ಒಂದೇ ಆಗುತ್ತದೆ. ಆದರೂ ಹೊಸ ರಿಲೀಸ್ ಬೇಕು, ಹಳೇ ಟಿಕೆಟ್‌ಗಳ ಗತಿಯೂ ಅತಂತ್ರ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆ ಜಿಲ್ಲೆಯಾದಾಗ ಹೆಸರಷ್ಟೇ ಅಲ್ಲ, ಪಟ್ಟಿಯ ಉದ್ದವೂ ಬದಲಾಯಿತು. ಇಂಥವಕ್ಕೆ ಟೇಬಲ್ ಬೇಕು. ಯಾವತ್ತೂ ಬದಲಾಗದ ಒಂದು ಐಡಿ, ಅದರ ಪಕ್ಕದಲ್ಲಿ ಬದಲಾಗಬಹುದಾದ ಹೆಸರು. ಕೋಡ್ ಐಡಿಯನ್ನು ಮಾತ್ರ ನೋಡಬೇಕು.

ಬ್ಯಾಂಕ್‌ನದ್ದೂ ಇದೇ ಪಾಠ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನಲ್ಲಿ ವಿಲೀನವಾಯಿತು. ಎಸ್‌ವೈಎನ್‌ಬಿ ಅಂತ ಶುರುವಾಗುತ್ತಿದ್ದ ಹಳೇ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈ 1ರಿಂದ ನಡೆಯಲಿಲ್ಲ. ರೀಫಂಡ್ ಕಳಿಸುವ ಕೋಡ್‌ನಲ್ಲಿ ಆ ನಾಲ್ಕು ಅಕ್ಷರ ಎಲ್ಲಾದರೂ ಇದ್ದರೆ, ಕಾನ್‌ಸ್ಟಂಟ್ ಆಗಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಸರ್ವರ್ ವಿಳಾಸ, ಬಕೆಟ್ (ಕ್ಲೌಡ್‌ನಲ್ಲಿ ಫೈಲ್ ಇಡುವ ಜಾಗ) ಹೆಸರು, ಟೆಸ್ಟ್‌ಗೊಂದು ಪ್ರೊಡಕ್ಷನ್‌ಗೊಂದು ಇರುವಂಥವು ಕಾನ್ಫಿಗ್‌ಗೆ ಹೋಗಲಿ. ಪಾಸ್‌ವರ್ಡ್ ಅಥವಾ ಎಪಿಐ ಕೀ ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಅದನ್ನು ಕಾನ್‌ಸ್ಟಂಟ್ ಫೈಲ್‌ಗೆ ಸಾಗಿಸುವುದು ಪರಿಹಾರ ಅಲ್ಲವೇ ಅಲ್ಲ. ಅಳಿಸಿದರೂ ಗಿಟ್ ಇತಿಹಾಸದಲ್ಲಿ ಉಳಿದಿರುತ್ತದೆ. ಮೊದಲು ಆ ಕೀ ರದ್ದು ಮಾಡಿ ಹೊಸದು ಪಡೆಯಿರಿ, ಅದನ್ನು ಸೀಕ್ರೆಟ್ ಮ್ಯಾನೇಜರ್‌ನಲ್ಲಿ ಇಡಿ.

ಉಳಿದದ್ದು? ಒಮ್ಮೆ ಮಾತ್ರ ಬರುವ ಲಾಗ್ ಸಾಲು, ಎರರ್ ಮೆಸೇಜ್. ಇದ್ದಲ್ಲೇ ಬಿಡಿ. ಅವನ್ನು ದೂರದ ಫೈಲ್‌ಗೆ ಕಳಿಸಿದರೆ ಕೋಡ್ ಓದುವವರಿಗೆ ತಲೆಬಿಸಿ ಜಾಸ್ತಿ, ಲಾಭ ಏನೂ ಇಲ್ಲ.

ಹೆಜ್ಜೆ 3: ಹೆಸರು ಮತ್ತು ಜಾಗ

ಹೆಸರು ಅರ್ಥ ಹೇಳಬೇಕು, ಬೆಲೆಯನ್ನಲ್ಲ. ಕಾಮಾ ಚಿಹ್ನೆಗೆ "ಕಾಮಾ" ಅಂತ ಹೆಸರಿಟ್ಟರೆ ಏನು ಬಂತು? ನಾಳೆ ಅದನ್ನು ಸೆಮಿಕೋಲನ್ ಮಾಡಿದರೆ ಹೆಸರೇ ಸುಳ್ಳಾಗುತ್ತದೆ. "ಸಿಎಸ್‌ವಿ_ವಿಭಜಕ" ಅಂತಿದ್ದರೆ ಆ ತೊಂದರೆ ಇಲ್ಲ.

ಜಾಗದ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಇಡೀ ಪ್ರಾಜೆಕ್ಟ್‌ಗೆ "ಕಾನ್‌ಸ್ಟಂಟ್ಸ್" ಅನ್ನೋ ಒಂದೇ ದೊಡ್ಡ ಫೈಲ್ ಬೇಡ. ಅದು ಮನೆಯ ಅಟ್ಟದ ಥರ. ಎಲ್ಲಿಡಬೇಕು ಅಂತ ಗೊತ್ತಾಗದ್ದೆಲ್ಲ ಅಲ್ಲಿಗೆ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಬುಕಿಂಗ್ ಸ್ಟೇಟಸ್ ಬುಕಿಂಗ್ ಮಾಡ್ಯೂಲ್‌ನ ಪಕ್ಕದಲ್ಲೇ ಇರಲಿ, ಪೇಮೆಂಟ್ ಗೇಟ್‌ವೇಯ ಪದಗಳು ಗೇಟ್‌ವೇ ಜೊತೆ ಮಾತಾಡುವ ಫೋಲ್ಡರ್‌ನಲ್ಲಿರಲಿ. ಕಾನ್‌ಸ್ಟಂಟ್ ಇರುವ ಫೈಲ್ ಬೇರೆ ಯಾವುದನ್ನೂ ಇಂಪೋರ್ಟ್ ಮಾಡಬಾರದು. ಪೈಥಾನ್‌ನಲ್ಲಿ ಇದನ್ನು ಮರೆತರೆ ಎರಡು ಫೈಲ್ ಒಂದನ್ನೊಂದು ಇಂಪೋರ್ಟ್ ಮಾಡುತ್ತಾ ಸುತ್ತು ಹೊಡೆಯುತ್ತವೆ.

ಎರಡು ಮೂರು ಸರ್ವಿಸ್‌ಗಳ ನಡುವೆ ಹಂಚಿಕೊಳ್ಳಬೇಕು ಅಂದರೆ ಇನ್ನೂ ಹುಷಾರು. ಕಾನ್‌ಸ್ಟಂಟ್‌ಗಳನ್ನು ಒಂದು ಲೈಬ್ರರಿ ಮಾಡಿದರೆ, ಒಂದು ಪದ ಸೇರಿಸಲು ಎಲ್ಲ ಸರ್ವಿಸ್‌ನ ಆವೃತ್ತಿ ಏರಿಸಬೇಕಾಗುತ್ತದೆ. ಬ್ಯಾಕೆಂಡ್ ಪೈಥಾನ್, ಫ್ರಂಟೆಂಡ್ ಟೈಪ್‌ಸ್ಕ್ರಿಪ್ಟ್ ಆದರೆ ಒಂದೇ ಲೈಬ್ರರಿ ಹೇಗೂ ಆಗುವುದಿಲ್ಲ. ಓಪನ್‌ಎಪಿಐ ಅಥವಾ ಪ್ರೋಟೋಬಫ್‌ನಂಥ ಸ್ಕೀಮಾ (ಡೇಟಾದ ರೂಪ ಹೇಳುವ ಫೈಲ್) ಒಂದು ಕಡೆ ಇಟ್ಟು, ಅದರಿಂದ ಎರಡೂ ಭಾಷೆಯ ಕೋಡ್ ತಾನಾಗಿ ತಯಾರಾಗುವಂತೆ ಮಾಡುವುದು ಮೇಲು.

ಹೆಜ್ಜೆ 4: ಯಾವ ರೂಪ?

ಸಂಬಂಧಿಸಿದ ಪದಗಳ ಗುಂಪು ಇದ್ದರೆ ಬಿಡಿ ಕಾನ್‌ಸ್ಟಂಟ್‌ಗಿಂತ ಎನಮ್ (ಇಷ್ಟೇ ಬೆಲೆಗಳು ಅಂತ ಹೆಸರಿಟ್ಟು ಕಟ್ಟಿದ ಗುಂಪು) ಚೆನ್ನ. ಪೈಥಾನ್‌ನಲ್ಲಿ ಹೀಗೆ ಕಾಣುತ್ತದೆ:

ಕ್ಲಾಸ್ ಬುಕಿಂಗ್‌ಸ್ಟೇಟಸ್(ಸ್ಟ್ರ್‌ಎನಮ್):
    ಕಾಯ್ದಿರಿಸಿದೆ = "ಕನ್ಫರ್ಮ್ಡ್"
    ರದ್ದು = "ಕ್ಯಾನ್ಸಲ್ಡ್"

ಬಳಸುವ ಕಡೆ ಮೊದಲು ಹೀಗಿತ್ತು:

ಇಫ್ ಬುಕಿಂಗ್.ಸ್ಟೇಟಸ್ == "ಕ್ಯಾನ್ಸಲ್ಡ್":

ಈಗ ಹೀಗೆ:

ಇಫ್ ಬುಕಿಂಗ್.ಸ್ಟೇಟಸ್ == ಬುಕಿಂಗ್‌ಸ್ಟೇಟಸ್.ರದ್ದು:

ಸ್ಟ್ರ್‌ಎನಮ್ ಬಂದದ್ದು 2022ರ ಪೈಥಾನ್ 3.11ರಲ್ಲಿ. ಅದಕ್ಕಿಂತ ಮೊದಲು ಸ್ಟ್ರಿಂಗ್ ಮತ್ತು ಎನಮ್ ಎರಡರಿಂದಲೂ ಇಳಿಸಿದ ಕ್ಲಾಸ್ ಬರೆಯುತ್ತಿದ್ದರು. ಅಂಥ ಹಳೇ ಕೋಡ್ ನಿಮ್ಮಲ್ಲಿದ್ದರೆ ಒಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಹಳೇ ಆವೃತ್ತಿಯಲ್ಲಿ ಎಫ್-ಸ್ಟ್ರಿಂಗ್ (ನಡುವೆ ಬೆಲೆ ತುಂಬುವ ಸ್ಟ್ರಿಂಗ್) ಒಳಗೆ ಅದನ್ನು ಹಾಕಿದರೆ "ಕ್ಯಾನ್ಸಲ್ಡ್" ಅಂತ ಬರುತ್ತಿತ್ತು. 3.11ರಿಂದ ಕ್ಲಾಸ್‌ನ ಹೆಸರು ಸೇರಿ "ಬುಕಿಂಗ್‌ಸ್ಟೇಟಸ್.ರದ್ದು" ಅಂತ ಬರುತ್ತದೆ. ಕ್ಯಾಶ್ ಕೀಯನ್ನೋ ಯುಆರ್‌ಎಲ್ ಅನ್ನೋ ಎಫ್-ಸ್ಟ್ರಿಂಗ್‌ನಿಂದ ಕಟ್ಟುತ್ತಿದ್ದರೆ, ಪೈಥಾನ್ ಅಪ್‌ಗ್ರೇಡ್ ಮಾಡಿದ ದಿನ ಅದು ಕೆಡುತ್ತದೆ. ಸ್ಟ್ರ್‌ಎನಮ್‌ಗೆ ಹೋದರೆ ಈ ಗೋಳಿಲ್ಲ.

ಪೈಥಾನ್‌ನ ಇನ್ನೊಂದು ಮೋಸದ ಜಾಗ ಮ್ಯಾಚ್-ಕೇಸ್, ಅಂದರೆ ಬೆಲೆಯನ್ನು ಒಂದೊಂದೇ ಕೇಸ್‌ಗೆ ಹೋಲಿಸಿ ನೋಡುವ ರಚನೆ. ಕೇಸ್ ಮುಂದೆ "ಕ್ಯಾನ್ಸಲ್ಡ್" ಅನ್ನೋ ಸ್ಟ್ರಿಂಗ್ ಇದ್ದದ್ದನ್ನು ತೆಗೆದು, ಚುಕ್ಕೆ ಇಲ್ಲದ ಬಿಡಿ ಕಾನ್‌ಸ್ಟಂಟ್ ಹೆಸರು ಹಾಕಿದಿರಿ ಅನ್ನಿ. ಪೈಥಾನ್ ಅದನ್ನು ಹೋಲಿಸುವುದೇ ಇಲ್ಲ. ಬಂದ ಬೆಲೆಯನ್ನು ಆ ಹೆಸರಿಗೆ ತುಂಬಿಕೊಂಡು "ಹೊಂದಿತು" ಅನ್ನುತ್ತದೆ. ಅದು ಕೊನೆಯ ಕೇಸ್ ಆಗಿದ್ದರೆ ಎರರ್ ಕೂಡ ಬರುವುದಿಲ್ಲ, ಮೇಲಿನ ಕೇಸ್‌ಗಳಿಗೆ ಹೊಂದದ ಎಲ್ಲ ಬುಕಿಂಗ್‌ಗಳೂ ರದ್ದಾದಂತೆ ನಡೆದುಕೊಳ್ಳುತ್ತವೆ. ಚುಕ್ಕೆ ಇರುವ ಹೆಸರು, ಅಂದರೆ ಬುಕಿಂಗ್‌ಸ್ಟೇಟಸ್.ರದ್ದು ಅಂತ ಬರೆದರೆ ಮಾತ್ರ ಹೋಲಿಕೆ ಆಗುತ್ತದೆ. ಎನಮ್ ಬಳಸಿ ಅನ್ನಲು ಇದೂ ಒಂದು ಕಾರಣ.

ಜಾವಾಸ್ಕ್ರಿಪ್ಟ್‌ನಲ್ಲಿ ಬರೀ ಆಬ್ಜೆಕ್ಟ್ ಮಾಡಿ ಕಾನ್‌ಸ್ಟಂಟ್ ಅಂತ ಕರೆದರೆ ರೋಗ ಹೋಗುವುದಿಲ್ಲ. ಆಬ್ಜೆಕ್ಟ್‌ನಲ್ಲಿ ಇಲ್ಲದ ಹೆಸರು ಕೇಳಿದರೆ ಅದು ಎರರ್ ಕೊಡದೆ ಅನ್‌ಡಿಫೈನ್ಡ್ ಕೊಡುತ್ತದೆ. ಹೋಲಿಕೆ ಮತ್ತೆ ಸುಮ್ನೆ "ಅಲ್ಲ" ಅನ್ನುತ್ತದೆ. ಬದಲಾಗದಂತೆ ಫ್ರೀಜ್ ಮಾಡಿದರೂ ಅಷ್ಟೇ. ಟೈಪ್‌ಸ್ಕ್ರಿಪ್ಟ್ ಇದ್ದರೆ ಆಬ್ಜೆಕ್ಟ್‌ಗೆ "ಆ್ಯಸ್ ಕಾನ್‌ಸ್ಟ್" ಹಾಕಿ, ಇಲ್ಲವೇ ಇಷ್ಟೇ ಪದಗಳು ನಡೆಯುತ್ತವೆ ಅಂತ ಯೂನಿಯನ್ ಟೈಪ್ ಮಾಡಿ. ಯೂನಿಯನ್ ಟೈಪ್ ಇದ್ದರೆ ನೇರ ಸ್ಟ್ರಿಂಗ್ ಬರೆದರೂ ತಪ್ಪು ಸ್ಪೆಲ್ಲಿಂಗ್ ಅಲ್ಲೇ ಕೆಂಪಾಗುತ್ತದೆ. ಹಾಗಾಗಿ ಅಲ್ಲಿ ಕಾನ್‌ಸ್ಟಂಟ್ ಬೇಕೇ ಬೇಕು ಅಂತಿಲ್ಲ.

ಗೋ ಭಾಷೆಯಲ್ಲಿ ಸ್ಟ್ರಿಂಗ್ ಮೇಲೆ ಹೊಸ ಟೈಪ್ ಮಾಡಿ, ಆ ಟೈಪ್‌ನ ಕಾನ್‌ಸ್ಟಂಟ್‌ಗಳನ್ನು ಬರೆಯುವುದು ವಾಡಿಕೆ. ಜಾವಾದಲ್ಲಿ 2004ರ ಆವೃತ್ತಿ 5ರಿಂದಲೇ ಎನಮ್ ಇದೆ. ಆದರೆ ಆ್ಯನೋಟೇಶನ್ ಒಳಗೆ ಸ್ಟ್ರಿಂಗ್ ಬೇಕಾದರೆ ಎನಮ್‌ನ ಮೆಥಡ್ ಕರೆಯಲಾಗುವುದಿಲ್ಲ, ಅಲ್ಲಿ ಸ್ಟಾಟಿಕ್ ಫೈನಲ್ ಸ್ಟ್ರಿಂಗ್ ಕಾನ್‌ಸ್ಟಂಟೇ ಗತಿ.

ಹೆಜ್ಜೆ 5: ಬದಲಾಯಿಸುವ ಮೊದಲು ಟೆಸ್ಟ್

ಒಪ್ಪಂದದ ಸ್ಟ್ರಿಂಗ್‌ಗಳಿಗೆ ಒಂದೊಂದು ಟೆಸ್ಟ್ ಬರೆಯಿರಿ. ಎಪಿಐ ಕರೆದು, ಬಂದ ಉತ್ತರದಲ್ಲಿ ಸ್ಟೇಟಸ್ ನಿಜಕ್ಕೂ "ಕ್ಯಾನ್ಸಲ್ಡ್" ಅಂತ ಎರಡು 'ಎಲ್' ಸಮೇತ ಇದೆಯಾ ಅಂತ ನೋಡುವ ಟೆಸ್ಟ್. ಇಲ್ಲಿ ಮಾತ್ರ ಸ್ಟ್ರಿಂಗ್ ಅನ್ನು ಬೇಕಂತಲೇ ನೇರವಾಗಿ ಬರೆಯಬೇಕು. ಟೆಸ್ಟ್‌ನಲ್ಲೂ ಅದೇ ಕಾನ್‌ಸ್ಟಂಟ್ ಬಳಸಿದರೆ ಕೋಡ್ ತನಗೆ ತಾನೇ ಸಾಕ್ಷಿ ಹೇಳಿದಂತೆ. ಯಾರೋ ಬೆಲೆ ಬದಲಾಯಿಸಿದರೂ ಎರಡೂ ಕಡೆ ಒಟ್ಟಿಗೆ ಬದಲಾಗಿ ಟೆಸ್ಟ್ ಹಸಿರಾಗಿಯೇ ಇರುತ್ತದೆ, ಮೊಬೈಲ್ ಆ್ಯಪ್ ಮಾತ್ರ ಕೆಡುತ್ತದೆ. ಟೆಸ್ಟ್ ಫೈಲ್‌ಗಳಲ್ಲಿ ಹಾರ್ಡ್‌ಕೋಡ್ ಬೇಡ ಅಂತ ಹಟ ಹಿಡಿಯುವವರಿಗೆ ಇದನ್ನು ತೋರಿಸಿ.

ಹೆಜ್ಜೆ 6: ಈಗ ಬದಲಾಯಿಸಿ

ಒಂದು ಪುಲ್ ರಿಕ್ವೆಸ್ಟ್‌ಗೆ (ಬದಲಾವಣೆ ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆ) ಒಂದು ಗುಂಪು. ಮೊದಲು ಬುಕಿಂಗ್ ಸ್ಟೇಟಸ್ ಮಾತ್ರ. ಎಡಿಟರ್‌ನ "ಕಾನ್‌ಸ್ಟಂಟ್ ಆಗಿ ಹೊರತೆಗೆ" ಸೌಲಭ್ಯ ಬಳಸಬಹುದು, ಆದರೆ "ಎಲ್ಲ ಕಡೆ ಬದಲಾಯಿಸಲಾ?" ಅಂತ ಅದು ಕೇಳಿದಾಗ ಕಣ್ಣು ಮುಚ್ಚಿ ಹೂಂ ಅನ್ನಬೇಡಿ. ಅದಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಹೆಜ್ಜೆ 2ರ ಪಟ್ಟಿ ಪಕ್ಕದಲ್ಲಿಟ್ಟು ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಾ ಹೋಗಿ.

ಬೆಲೆ ಮುಟ್ಟಬೇಡಿ. ಸ್ಪೆಲ್ಲಿಂಗ್ ತಪ್ಪಿದೆ ಅಂತ ಕಂಡರೂ ಈ ಕಮಿಟ್‌ನಲ್ಲಿ ಸರಿ ಮಾಡಬೇಡಿ. ಈಗಿನ ಕೆಲಸ ಹೆಸರು ಕೊಡುವುದಷ್ಟೇ, ನಡವಳಿಕೆ ಒಂದಿಷ್ಟೂ ಬದಲಾಗಬಾರದು. ಎಚ್‌ಟಿಟಿಪಿಯ "ರೆಫರರ್" ಹೆಡರ್ ಗೊತ್ತಲ್ಲ, ಅದರ ಹೆಸರಿನಲ್ಲಿ ಒಂದು 'ಆರ್' ಕಮ್ಮಿ. 1996ರಲ್ಲಿ ಬಂದ, ಆರ್‌ಎಫ್‌ಸಿ 1945 ಅನ್ನೋ ನಂಬರಿನ ಎಚ್‌ಟಿಟಿಪಿ ದಾಖಲೆಯಲ್ಲೇ ಹಾಗೆ ಅಚ್ಚಾಗಿದೆ. ಬ್ರೌಸರ್, ಸರ್ವರ್ ಎಲ್ಲವೂ ಅದನ್ನೇ ಬಳಸಲು ಶುರು ಮಾಡಿದ ಮೇಲೆ ತಿದ್ದುವ ದಾರಿಯೇ ಇರಲಿಲ್ಲ. ಆಮೇಲೆ ಬಂದ "ರೆಫರರ್-ಪಾಲಿಸಿ" ಹೆಡರ್‌ನಲ್ಲಿ ಸ್ಪೆಲ್ಲಿಂಗ್ ಸರಿಯಾಗಿದೆ. ಒಂದರಲ್ಲಿ ತಪ್ಪು, ಇನ್ನೊಂದರಲ್ಲಿ ಸರಿ, ಎರಡೂ ಹಾಗೇ ಇರಬೇಕು. ಕಾನ್‌ಸ್ಟಂಟ್‌ನ ಹೆಸರನ್ನು ನೀವು ಸರಿಯಾಗಿ ಬರೆದುಕೊಳ್ಳಿ, ಒಳಗಿನ ಬೆಲೆ ತಪ್ಪಾಗಿಯೇ ಇರಲಿ, ಪಕ್ಕದಲ್ಲಿ "ಇದು ಹೀಗೇ ಇರಬೇಕು" ಅಂತ ಒಂದು ಕಾಮೆಂಟ್ ಹಾಕಿ. ಇಲ್ಲದಿದ್ದರೆ ಮುಂದೆ ಬಂದವರು ಒಳ್ಳೆ ಮನಸ್ಸಿನಿಂದ ತಿದ್ದಿಬಿಡುತ್ತಾರೆ.

ಜ್ಯಾಂಗೋದಂಥ ಫ್ರೇಮ್‌ವರ್ಕ್‌ನ ಹಳೇ ಮೈಗ್ರೇಶನ್ ಫೈಲ್‌ಗಳನ್ನು ಬಿಡಿ. ಅವು ಅವತ್ತಿನ ಸ್ಥಿತಿಯ ದಾಖಲೆ. ಅಲ್ಲಿ ಇವತ್ತಿನ ಕಾನ್‌ಸ್ಟಂಟ್ ಇಂಪೋರ್ಟ್ ಮಾಡಿದರೆ, ನಾಳೆ ಬೆಲೆ ಬದಲಾದಾಗ ಹಳೇ ಇತಿಹಾಸವೂ ಬದಲಾಗುತ್ತದೆ. ಎಸ್‌ಕ್ಯೂಎಲ್ ಕ್ವೆರಿಯಲ್ಲಿ ಕಾನ್‌ಸ್ಟಂಟ್ ಬೇಕಾದರೆ ಸ್ಟ್ರಿಂಗ್‌ಗೆ ಅಂಟಿಸದೆ ಪ್ಯಾರಾಮೀಟರ್ ಆಗಿ ಕಳಿಸಿ.

ಸ್ಟ್ರಿಂಗ್‌ಗಳಲ್ಲಿ ಕನ್ನಡ ಅಕ್ಷರವೇ ಇದ್ದರೆ ಇನ್ನೊಂದು ವಿಷಯ ನೋಡಬೇಕು. "ಕೊಪ್ಪಳ" ಅಂತ ಎರಡು ಕಡೆ ಬರೆದಿದೆ, ಕಣ್ಣಿಗೆ ಒಂದೇ ಥರ ಕಾಣುತ್ತದೆ, ಹೋಲಿಸಿದರೆ ಬೇರೆ ಬೇರೆ ಅನ್ನುತ್ತದೆ. ಹೇಗೆ? ಯೂನಿಕೋಡ್‌ನಲ್ಲಿ 'ಕೊ'ದ ಒಕಾರವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎರಡನ್ನು ಜೋಡಿಸಿಯೂ ಇಡಬಹುದು. ಕೊಡಗು, ಕೋಲಾರಕ್ಕೂ ಇದೇ ಅಪಾಯ. ಎನ್‌ಎಫ್‌ಸಿ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದಕ್ಕೆ ತರುವುದು) ಮಾಡಿದರೆ ಇದು ಸರಿಹೋಗುತ್ತದೆ. ಆದರೆ "ರಾಜ್‌ಕುಮಾರ್" ಥರದ ಪದದ ನಡುವೆ ಒತ್ತಕ್ಷರ ಆಗದಂತೆ ತಡೆಯಲು ಕೂರುವ, ಕಣ್ಣಿಗೆ ಕಾಣದ ಅಕ್ಷರ (ಜೀರೋ ವಿಡ್ತ್ ನಾನ್-ಜಾಯ್ನರ್) ಎನ್‌ಎಫ್‌ಸಿ ಮಾಡಿದರೂ ಹೋಗುವುದಿಲ್ಲ. ಅದನ್ನು ಏನು ಮಾಡಬೇಕು ಅಂತ ನೀವೇ ಒಂದು ನಿಯಮ ಮಾಡಿಕೊಳ್ಳಬೇಕು. ನಾನಾದರೆ ತೋರಿಸಲು ಉಳಿಸಿಕೊಂಡು, ಹೋಲಿಸುವಾಗ ಮಾತ್ರ ತೆಗೆಯುತ್ತೇನೆ. ಇನ್ನೂ ಒಳ್ಳೆಯದು, ಕನ್ನಡ ಹೆಸರನ್ನು ಹೋಲಿಸುವುದೇ ಬೇಡ, ಐಡಿ ಹೋಲಿಸಿ.

ಜಾವಾದವರಿಗೆ ಒಂದು ಎಚ್ಚರಿಕೆ. ಸ್ಟಾಟಿಕ್ ಫೈನಲ್ ಸ್ಟ್ರಿಂಗ್‌ಗೆ ನೇರವಾಗಿ ಬೆಲೆ ಕೊಟ್ಟಿದ್ದರೆ, ಅದನ್ನು ಬಳಸುವ ಕ್ಲಾಸ್ ಕಂಪೈಲ್ ಆಗುವಾಗಲೇ ಆ ಬೆಲೆಯ ನಕಲು ಅಲ್ಲಿಗೆ ಹೋಗಿ ಕೂರುತ್ತದೆ. ಮುಂದೆ ಕಾನ್‌ಸ್ಟಂಟ್ ಇರುವ ಜಾರ್ (ಕಂಪೈಲ್ ಆದ ಕ್ಲಾಸ್‌ಗಳ ಕಟ್ಟು) ಮಾತ್ರ ಬದಲಾಯಿಸಿ ಡಿಪ್ಲಾಯ್ ಮಾಡಿದರೆ, ಮರು ಕಂಪೈಲ್ ಆಗದ ಕ್ಲಾಸ್‌ಗಳು ಹಳೇ ಬೆಲೆಯನ್ನೇ ಹಿಡಿದುಕೊಂಡಿರುತ್ತವೆ. ಸೋರ್ಸ್ ನೋಡಿದರೆ ಹೊಸದು, ಓಡುತ್ತಿರುವುದು ಹಳೇದು. ಹಂಚಿಕೊಂಡ ಕಾನ್‌ಸ್ಟಂಟ್ ಬದಲಾದರೆ ಅದನ್ನು ಬಳಸುವ ಎಲ್ಲವನ್ನೂ ಮತ್ತೆ ಬಿಲ್ಡ್ ಮಾಡಲೇಬೇಕು.

ಹೆಜ್ಜೆ 7: ಬೆಲೆಯನ್ನೇ ಬದಲಾಯಿಸಬೇಕಾದರೆ

ಈಗ ಆ ಒಂದು 'ಎಲ್' ಮತ್ತು ಎರಡು 'ಎಲ್' ಜಗಳಕ್ಕೆ ಬರೋಣ. ಕಾನ್‌ಸ್ಟಂಟ್ ಒಂದೇ ಜಾಗದಲ್ಲಿದೆ, ಹಾಗಾಗಿ ಒಂದು ಸಾಲು ತಿದ್ದಿದರೆ ಆಯಿತು ಅನ್ನಿಸುತ್ತದೆ. ಆದರೆ ಡೇಟಾಬೇಸ್‌ನಲ್ಲಿ ಹಳೇ ಸಾಲುಗಳಿವೆ. ಡಿಪ್ಲಾಯ್ ನಡೆಯುವಾಗ ಹಳೇ ಸರ್ವರ್, ಹೊಸ ಸರ್ವರ್ ಎರಡೂ ಒಟ್ಟಿಗೆ ಓಡುತ್ತಿರುತ್ತವೆ. ಕ್ಯೂನಲ್ಲಿ ಹಳೇ ಮೆಸೇಜ್‌ಗಳು ಕಾಯುತ್ತಿರುತ್ತವೆ.

ಕ್ರಮ ಹೀಗಿರಲಿ. ಮೊದಲ ರಿಲೀಸ್‌ನಲ್ಲಿ ಓದುವ ಕಡೆ ಎರಡೂ ರೂಪ ಒಪ್ಪಿಕೊಳ್ಳಲಿ, ಬರೆಯುವುದು ಹಳೇದೇ ಇರಲಿ. ಅದು ಎಲ್ಲ ಸರ್ವರ್‌ಗೂ ತಲುಪಿದ ಮೇಲೆ ಎರಡನೇ ರಿಲೀಸ್‌ನಲ್ಲಿ ಬರೆಯುವುದನ್ನು ಹೊಸದಕ್ಕೆ ತಿರುಗಿಸಿ. ಆಮೇಲೆ ಡೇಟಾಬೇಸ್‌ನ ಹಳೇ ಸಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ. ಹಳೇ ರೂಪ ಎಲ್ಲೂ ಉಳಿದಿಲ್ಲ ಅಂತ ಎಣಿಸಿ ನೋಡಿ, ಕೊನೆಗೆ ಹಳೇದನ್ನು ಓದುವ ಕೋಡ್ ತೆಗೆಯಿರಿ. ಹೊರಗಿನವರು ಬಳಸುವ ಎಪಿಐ ಆದರೆ ಕೊನೆಯ ಹೆಜ್ಜೆಗೆ ತಿಂಗಳುಗಳೇ ಬೇಕಾಗಬಹುದು, ಫೋನ್‌ನಲ್ಲಿ ಆ್ಯಪ್ ಅಪ್‌ಡೇಟ್ ಮಾಡದವರು ಯಾವಾಗಲೂ ಇರುತ್ತಾರೆ.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಎನಮ್ ಟೈಪ್ ಬಳಸುತ್ತಿದ್ದರೆ ನೆನಪಿರಲಿ: ಹೊಸ ಬೆಲೆ ಸೇರಿಸುವುದು ಸುಲಭ, ಆವೃತ್ತಿ 10ರಿಂದ ಹೆಸರು ಬದಲಾಯಿಸಲೂ ಬರುತ್ತದೆ, ಆದರೆ ಇದ್ದದ್ದನ್ನು ನೇರವಾಗಿ ತೆಗೆಯಲು ದಾರಿಯಿಲ್ಲ. ಪದಗಳು ಆಗಾಗ ಬದಲಾಗುವ ಪ್ರಾಜೆಕ್ಟ್‌ನಲ್ಲಿ ಸಾಮಾನ್ಯ ಟೆಕ್ಸ್ಟ್ ಕಾಲಮ್‌ಗೆ ಚೆಕ್ ನಿಯಮ ಹಾಕುವುದು ನನಗೆ ಹೆಚ್ಚು ಹಿಡಿಸುತ್ತದೆ.

ಹೆಜ್ಜೆ 8: ಮತ್ತೆ ಚೆಲ್ಲದಂತೆ

ಕೋಡ್ ಪರೀಕ್ಷಿಸುವ ಸೋನಾರ್‌ಕ್ಯೂಬ್‌ನಲ್ಲಿ ಒಂದೇ ಸ್ಟ್ರಿಂಗ್ ಪದೇ ಪದೇ ಬಂದರೆ ಹೇಳುವ ನಿಯಮ ಇದೆ, ಮಾಮೂಲಿಯಾಗಿ 3 ಸಲ ಬಂದರೆ ತಕರಾರು ಶುರು. ಗೋ ಭಾಷೆಗೆ ಅಂಥದ್ದೇ ಗೋಕಾನ್‌ಸ್ಟ್ ಇದೆ. ಹಾಕಿಕೊಳ್ಳಿ, ಆದರೆ ಬಿಲ್ಡ್ ನಿಲ್ಲಿಸುವಷ್ಟು ಅಧಿಕಾರ ಕೊಡಬೇಡಿ. ಈ ಉಪಕರಣಗಳಿಗೂ ಅಕ್ಷರ ಮಾತ್ರ ಗೊತ್ತು. ಬಿಲ್ಡ್ ಹಸಿರಾಗಲಿ ಅಂತ ಜನ "ಸ್ಟ್ರಿಂಗ್_1", "ಸ್ಟ್ರಿಂಗ್_2" ಅಂತ ಕಾನ್‌ಸ್ಟಂಟ್ ಮಾಡಲು ಶುರು ಮಾಡಿದರೆ ಮೊದಲಿದ್ದ ಸ್ಥಿತಿಯೇ ವಾಸಿ ಅನ್ನಿಸುತ್ತದೆ. ಅದರ ಬದಲು ನಿಮ್ಮ ಪದಗಳಿಗೆ ಮಾತ್ರ ಒಂದು ಸಣ್ಣ ಚೆಕ್ ಬರೆಯಿರಿ: ಬುಕಿಂಗ್ ಫೋಲ್ಡರ್‌ನಲ್ಲಿ, ಎನಮ್ ಫೈಲ್ ಮತ್ತು ಟೆಸ್ಟ್‌ಗಳನ್ನು ಬಿಟ್ಟು, "ಕ್ಯಾನ್ಸಲ್ಡ್" ಅನ್ನೋದು ಕೋಟ್ ಒಳಗೆ ಕಂಡರೆ ಫೇಲ್ ಆಗಲಿ. ಗ್ರೆಪ್‌ನ ಒಂದು ಸಾಲು ಸಾಕು.

ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ. ಇಷ್ಟೆಲ್ಲ ಸಾಲು ಬದಲಾಯಿಸಿದ ಮೇಲೆ ಗಿಟ್ ಬ್ಲೇಮ್ (ಪ್ರತಿ ಸಾಲನ್ನು ಕೊನೆಗೆ ಬದಲಾಯಿಸಿದವರು ಯಾರು ಅಂತ ತೋರಿಸುವ ಆಜ್ಞೆ) ನೋಡಿದರೆ ಎಲ್ಲ ಕಡೆ ನಿಮ್ಮ ಹೆಸರೇ ಕಾಣುತ್ತದೆ, ಮುಂದೆ ಪ್ರತಿ ಬಗ್‌ಗೂ ನಿಮಗೇ ಫೋನ್ ಬರುತ್ತದೆ. ಬರೀ ಹೆಸರು ಬದಲಾಯಿಸಿದ ಆ ಕಮಿಟ್‌ಗಳ ಹ್ಯಾಶ್‌ಗಳನ್ನು (ಗುರುತಿನ ನಂಬರ್) ಒಂದು ಫೈಲ್‌ನಲ್ಲಿ ಬರೆದು ರೆಪೊದಲ್ಲಿ ಇಡಿ, 2019ರ ಗಿಟ್ 2.23ರಿಂದ ಬ್ಲೇಮ್‌ಗೆ ಆ ಫೈಲ್ ತೋರಿಸಿ "ಇವನ್ನು ಬಿಟ್ಟು ನೋಡು" ಅನ್ನಬಹುದು. ಅದಕ್ಕೇ ಹೆಸರು ಬದಲಾಯಿಸುವ ಕಮಿಟ್‌ನಲ್ಲಿ ಬೇರೆ ಯಾವ ತಿದ್ದುಪಡಿಯೂ ಸೇರಿರಬಾರದು. ಸೇರಿದ್ದರೆ ಬ್ಲೇಮ್‌ನಲ್ಲಿ ಅದೂ ಮರೆಯಾಗುತ್ತದೆ.